ಪರಿಶೀಲಿಸಿದವರು: ಡಾ. ಯಾಸ್ನಾ

ಯಾಸ್ನಾ ಪಕ್ಕದ ಮನೆಯ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು, ಮೊಟ್ಟೆಸಿಪ್ಪೆಗಳ ನಡುವಿನಿಂದ ಬಾಡಿದ ಎಲೆಗಳನ್ನು ಆರಿಸತೊಡಗಿದಳು. ಕಾಡುಬೆಳ್ಳುಳ್ಳಿ. ಮತ್ತೆ ಕಾಡುಬೆಳ್ಳುಳ್ಳಿ. ಆಮೇಲೆ ಅದರಂತೆಯೇ ಕಾಣುವ, ಆದರೆ ತೊಟ್ಟಿಲ್ಲದ, ದಪ್ಪನೆಯ, ಹೊಳೆಯುವ ವಿಷದೆಲೆಯೊಂದು ಸಿಕ್ಕಿತು. ಈ ವಿಷಕ್ಕೆ ಮದ್ದಿಲ್ಲವೆಂದು ವೈದ್ಯೆಯಾದ ಅವಳಿಗೆ ಗೊತ್ತಿತ್ತು. ಎಲೆ ಹಿಡಿದುಕೊಂಡೇ, ಆ ಮನೆಯಾತನನ್ನು ಸೇರಿಸಿದ್ದ ಆಸ್ಪತ್ರೆಗೆ ಓಡಿದಳು.

ವಸಂತ ಬಂದರೆ ವಾಲ್ಯೆವೊ ಪಟ್ಟಣವೆಲ್ಲ ಚೀಲ ಹಿಡಿದು ಗುಡ್ಡ ಹತ್ತುತ್ತದೆ, ರಕ್ತ ಶುದ್ಧಿಯಾಗಲೆಂದು ಕಾಡುಬೆಳ್ಳುಳ್ಳಿ ತಿನ್ನುತ್ತದೆ. ನೆರೆಮನೆಯ ರಾಡೊಯ್ಕಾ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಬೆಳೆದವಳು. ಎಲೆ ಗುರುತಿಸುವುದನ್ನು ಆರೋಗ್ಯದ ಜಾಲತಾಣವೊಂದರಲ್ಲಿ ಓದಿಕೊಂಡಳು. ಉಜ್ಜಿ ಮೂಸಿ, ಬೆಳ್ಳುಳ್ಳಿ ವಾಸನೆ ಬಂದರೆ ತಿನ್ನಿ, ಎಂದಿತ್ತು. ನಾಲ್ಕು ಎಲೆ ಉಜ್ಜಿದರೆ ವಾಸನೆ ಬೆರಳಿಗೇ ಅಂಟುತ್ತದೆ, ಆಮೇಲೆ ವಿಷದೆಲೆಯೂ ಬೆಳ್ಳುಳ್ಳಿಯಂತೆಯೇ ನಾರುತ್ತದೆ ಎಂಬ ಮಾತು ಅಲ್ಲಿರಲಿಲ್ಲ. ಕೆಳಗೆ ಯಾಸ್ನಾಳ ನಗುಮುಖವಿತ್ತು, ‘ಪರಿಶೀಲಿಸಿದವರು’ ಎಂಬ ಸಾಲಿತ್ತು. ಜಾಲತಾಣದವರು ಕಳಿಸಿದ ಲೇಖನಗಳಿಗೆಲ್ಲ ಯಾಸ್ನಾ ರೋಗಿಗಳ ನಡುವೆ ಫೋನ್ ತೆಗೆದು ಒಪ್ಪಿಗೆ ಒತ್ತುತ್ತಿದ್ದಳು. ಓದುತ್ತಿರಲಿಲ್ಲ.

ಯಾವ ಎಲೆಯೆಂದು ಪಾಳಿಯ ವೈದ್ಯನಿಗೆ ಹೇಳಿದಳು. ಹೇಗಾಯಿತು ಎಂದು ಅವನು ಕೇಳಿದಾಗ, ಜನ ಹೀಗೇ ಮೋಸಹೋಗುತ್ತಾರೆ ಎಂದುಬಿಟ್ಟಳು. ಆ ಮಾತು ಬಾಯಿಂದ ಬಿದ್ದೊಡನೆ ನಾಚಿಕೆಯಿಂದ ಕಿವಿ ಬಿಸಿಯಾದವು.

ಬೆಂಚಿನ ಮೇಲೆ ರಾಡೊಯ್ಕಾ ಕೂತಿದ್ದಳು. ಈಸ್ಟರಿಗೆ ಮುಂಚಿನ ಉಪವಾಸವಾದ್ದರಿಂದ, ಆ ಎಲೆಗಳ ಜೊತೆ ಮೊಟ್ಟೆ, ಚೀಸ್ ತುಂಬಿ ಬೇಯಿಸಿದ್ದ ಪಿಟಾ ಎಂಬ ಹೂರಣದ ರೊಟ್ಟಿಯನ್ನು ಅವಳು ಮುಟ್ಟಿರಲಿಲ್ಲ. ಸ್ವರ್ಗ ನಿನಗಿರಲಿ, ಪಿಟಾ ನನಗಿರಲಿ ಎಂದು ಗಂಡ ವಿತೊಮಿರ್ ಅಣಕಿಸಿ ಇಡೀ ತಟ್ಟೆ ಖಾಲಿ ಮಾಡಿದ್ದ. ಈಗ ಬಾಗಿಲಾಚೆ ಅವನ ಮೂತ್ರಪಿಂಡಗಳು ಸೋಲುತ್ತಿದ್ದವು.

"ಒಂದೊಂದು ಎಲೇನೂ ಮೂಸಿದೀನಿ ಮಗಳೇ," ಎಂದಳು ರಾಡೊಯ್ಕಾ. "ನೀನು ಹೇಳಿದ್ಹಾಗೇ. ನರ್ಸಿಗೂ ಅದೇ ಹೇಳ್ದೆ, ನಮ್ಮ ಯಾಸ್ನಾ ಹೇಳಿದ್ಮೇಲೆ ತಪ್ಪಾಗಲ್ಲ ಅಂತ. ನನ್ನ ಕೈಯೇ ಸರಿಯಿಲ್ಲ."

ಯಾಸ್ನಾ ಸುಮ್ಮನಿದ್ದರೆ ತಪ್ಪು ಆ ಮುದುಕಿಯ ಕೈಯಲ್ಲೇ ಉಳಿಯುತ್ತಿತ್ತು. ಅವಳ ಪಕ್ಕ ಹೋಗಿ ಕೂತಳು.

"ನಿಮ್ಮ ಕೈ ಸರಿಯಿದೆ ಅಮ್ಮಾ. ಬರೆದಿದ್ದೇ ತಪ್ಪು. ನಾನದನ್ನ ಓದೇ ಇರ್ಲಿಲ್ಲ."

"ನಿನ್ನ ಫೋಟೊ ಇತ್ತಲ್ಲ."

"ಇತ್ತು."

ರಾಡೊಯ್ಕಾ ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದಳು.

ಏನಾದರೂ ಮಾಡಬೇಕೆನಿಸಿ ಯಾಸ್ನಾ ಎದ್ದಳು. "ಒಳಗೆ ಹೋಗಿ ರಿಪೋರ್ಟ್ ನೋಡ್ಕೊಂಡು ಬರ್ತೀನಿ. ಅವರು ಕೊಡ್ತಿರೋದು ಸರಿಯಿದ್ಯಾ ಅಂತ ನಾನೇ ಹೇಳ್ತೀನಿ."

"ಬೇಡ ಡಾಕ್ಟ್ರೇ," ಎಂದಳು ರಾಡೊಯ್ಕಾ. "ನೀವು ನೋಡೋದು ಬೇಡ."