ಬೇರೆ ಒಲೆಯ ಬೂದಿ

ಹುಮನಾಬಾದಿನ ಗುತ್ತೇದಾರ ಬಂಡೆಪ್ಪ ಹೊಸ ಮನೆ ಕಟ್ಟಿಸಿದಾಗ ಓಣಿಯ ಹೆಂಗಸರೆಲ್ಲ ನೋಡಲು ಬಂದದ್ದು ಅದರ ಬಚ್ಚಲುಮನೆಯನ್ನು. ಆಳೆತ್ತರಕ್ಕೆ ಬಿಳಿ ಟೈಲ್ಸು, ನೆಲಕ್ಕೂ ಅದೇ, ಒಂದು ಮೂಲೆಯಲ್ಲಿ ಪಿಂಗಾಣಿಯ ಸಂಡಾಸ. ಅವನ ಹೆಂಡತಿ ಮಾಣಿಕಮ್ಮ ಬಂದವರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದಳು. ದೇವರ ಕೋಣೆ ತೋರಿಸುವುದು ಆಮೇಲೆ.

ಆ ಬಚ್ಚಲು ತಿಕ್ಕುವ ಕೆಲಸ ಕಮಳಾಬಾಯಿಯದು. ಬಂಡೆಪ್ಪನ ಹಳೆಯ ಮನೆಯಲ್ಲೂ ಆರು ವರ್ಷ ಇದೇ ಕೆಲಸ ಮಾಡಿದವಳು. ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಬಂದು, ಸಂಡಾಸ, ಬಚ್ಚಲು, ಗಟಾರ, ಹಿತ್ತಲು ಎಲ್ಲ ಮುಗಿಸಿ ಅದೇ ಬಾಗಿಲಿನಿಂದ ಹೋಗಬೇಕು. ಆ ಮನೆಯ ಅಡುಗೆಮನೆ ಯಾವ ದಿಕ್ಕಿಗಿದೆ ಎಂಬುದು ಅವಳಿಗೆ ಒಗ್ಗರಣೆಯ ವಾಸನೆಯಿಂದ ಗೊತ್ತಿತ್ತೇ ಹೊರತು ಕಣ್ಣಿಂದ ಕಂಡದ್ದಿಲ್ಲ. ಅವಳ ಅಪ್ಪ ಮನೆಯ ದೇವರ ಜಗಲಿ ಕಿತ್ತು ಬುದ್ಧನ ಪಟ ಹಾಕಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೆ ಪಟ ಬದಲಾದದ್ದಕ್ಕೆ ಬಂಡೆಪ್ಪನ ಮನೆಯ ಹಿತ್ತಲ ಬಾಗಿಲು ಮುಂಬಾಗಿಲಾಗಿರಲಿಲ್ಲ.

ಆ ಓಣಿಯ ಬಾವಿಯ ನೀರು ಗಡಸು. ಎಂಟು ದಿನ ಬಿಟ್ಟರೆ ಬಿಳಿ ಟೈಲ್ಸಿನ ಮೇಲೆ ಹಳದಿ ಪೊರೆ ಕಟ್ಟುತ್ತಿತ್ತು. ಗೌಂಡಿಗಳು ಸಿಮೆಂಟಿನ ಕಲೆ ತೆಗೆಯಲು ತಂದಿದ್ದ ಆಸಿಡ್ಡನ್ನು ಅಲ್ಲೇ ಬಿಟ್ಟು ಹೋಗಿದ್ದರು. ಆ ಕಡೆಯವರ ಬಾಯಲ್ಲಿ ಅದು ತೇಜಾಬ್. ಒಂದು ದಿನ ಮಾಣಿಕಮ್ಮ ಅದನ್ನು ನೆಲಕ್ಕೆ ಸುರಿಸಿದಳು. ಬುಸಬುಸನೆ ನೊರೆ ಎದ್ದು ಪೊರೆಯೆಲ್ಲ ಕರಗಿ, ನೆಲ ನಿನ್ನೆ ಹಾಕಿದ ಹಾಗೆ ಹೊಳೆಯಿತು. ಅಲ್ಲಿಂದ ಮುಂದೆ ಬೇರೆ ಯಾವ ಸ್ವಚ್ಛವೂ ಅವಳ ಕಣ್ಣಿಗೆ ಹತ್ತಲಿಲ್ಲ. ಗೌಂಡಿಗಳು ಬಿಟ್ಟದ್ದು ತೀರಿದ ಮೇಲೆ ಅಂಗಡಿಯಿಂದ ತರಿಸಿದಳು.

ಮೂರು ತಿಂಗಳಲ್ಲಿ ಕಮಳಾಬಾಯಿಯ ಬೆರಳುಗಳು ಬಿರಿದವು. ಉಗುರಿನ ಬುಡದಲ್ಲಿ ಮಾಂಸ ಕೆಂಪಗೆ ಕಾಣುತ್ತಿತ್ತು. ಊಟಕ್ಕೆ ಕೂತರೆ ಖಾರ ತಾಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬೇಳೆ ಗಿರಣಿಯಲ್ಲಿ ಚೀಲ ಹೊರುತ್ತಿದ್ದ ಅವಳ ಗಂಡ ಲಾಲಪ್ಪ ರೊಟ್ಟಿ ಮುರಿದು ಪಲ್ಯ ಹಚ್ಚಿ ಅವಳ ಬಾಯಿಗೆ ಇಡುತ್ತಿದ್ದ.

"ಕೈಗೆ ಎಣ್ಣಿ ಹಚ್ಕೊಂಡು ಹೋಗು," ಎಂದ.

"ಎಣ್ಣಿ ಹಚ್ಚಿದ್ರ ಕೈ ಜಾರ್ತದ. ಡಬ್ಬಿ ಬಿದ್ರ ಕಾಲೂ ಸುಡ್ತಾವ."

ಕಮಳಾಬಾಯಿಯ ತವರು ರಾಜೇಶ್ವರ. ಅವಳ ಅವ್ವ ಹಳ್ಳದ ದಂಡೆಯ ಮರಗಳಿಂದ ಅಂಟವಾಳಕಾಯಿ ಆರಿಸಿ ಒಣಗಿಸಿ ಮಾರುತ್ತಿದ್ದಳು. ಅಲ್ಲಿ ಅದಕ್ಕೆ ರೀಠಾ ಎಂದೂ ಅನ್ನುತ್ತಿದ್ದರು. ರೇಷ್ಮೆ ಸೀರೆ, ಶಾಲು ತೊಳೆಯುವವರು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಬೀಜ ತೆಗೆದ ಸಿಪ್ಪೆಯನ್ನು ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಕುದಿಸಬೇಕು ಎಂಬುದು ಕಮಳಾಬಾಯಿಗೆ ಬಾಲ್ಯದಿಂದ ಗೊತ್ತು. ಬೂದಿ ಎಣ್ಣೆ ಜಿಡ್ಡನ್ನು ತೆಗೆಯುತ್ತದೆ, ಹುಣಸೆ ಹುಳಿ ಗಡಸು ನೀರಿನ ಪೊರೆಯನ್ನು ಬಿಡಿಸುತ್ತದೆ. ತೇಜಾಬಿನ ಹಾಗೆ ಕಣ್ಣೆದುರೇ ಬಿಡಿಸುವುದಿಲ್ಲ, ಹಚ್ಚಿ ಒಂದು ತಾಸು ಬಿಡಬೇಕು, ಅಷ್ಟೇ.

ಮಾಣಿಕಮ್ಮ ಹಳ್ಳಿಖೇಡದ ತಂಗಿಯ ಮನೆಗೆ ಐದು ದಿನ ಹೋದಾಗ ಕಮಳಾಬಾಯಿ ತೇಜಾಬಿನ ಡಬ್ಬಿ ಮುಟ್ಟಲಿಲ್ಲ. ಮನೆಯಿಂದ ಬೂದಿ ಜರಡಿ ಹಿಡಿದು ತಂದಳು. ಹುಳಿ ಹಿಂಡಿ ಗೋಡೆಗೆಲ್ಲ ಬಳಿದಳು. ತೆಂಗಿನ ನಾರಿನಿಂದ ಸಾಲುಸಾಲಾಗಿ ತಿಕ್ಕಿ, ಕಡೆಗೆ ರೀಠಾ ನೀರಿನಿಂದ ನೆಲ ತೊಳೆದಳು. ಐದು ದಿನವೂ ತಿಕ್ಕಿದಳು. ರಟ್ಟೆ ನೋಯುತ್ತಿತ್ತು, ಆದರೆ ಬೆರಳು ಉರಿಯಲಿಲ್ಲ. ಬಚ್ಚಲಿಗೆ ಹತ್ತಿದ ಕೋಣೆಯಲ್ಲಿ ಮಾಣಿಕಮ್ಮನ ಅತ್ತೆ ದ್ರೌಪತಿ ಮಲಗಿರುತ್ತಿದ್ದಳು. ದಮ್ಮಿನ ಮುದುಕಿ. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಮೇಲುಗಡೆ ಒಂದು ಜಾಳಿಗೆ ಕಿಂಡಿ ಇತ್ತು. ಮೂರನೆಯ ದಿನ ಮುದುಕಿ ಅದರೊಳಗಿಂದಲೇ ಕೇಳಿದಳು.

"ಯಾರ ಅದು, ಕಮಳಿ ಏನು? ಇವತ್ತ ಮೂಗ ಸುಡವಲ್ದು."

"ನಾನೇ ರಿ ಆಯಿ. ತೇಜಾಬ್ ಹಾಕಿಲ್ರಿ."

"ಹಿಂಗೇ ಮಾಡು," ಎಂದಳು ಮುದುಕಿ.

ಮಾಣಿಕಮ್ಮ ಊರಿಂದ ಬಂದವಳು ಬಚ್ಚಲಿಗೆ ಹೋಗಿ ಗೋಡೆಯ ಮೇಲೆ ಅಂಗೈ ಆಡಿಸಿದಳು. ಮುಖ ಅರಳಿತು.

"ಬೇಷ್ ತಿಕ್ಕೀದಿ. ಎಷ್ಟ ತೇಜಾಬ್ ಹಿಡೀತು?"

"ಒಂದ ಹನಿ ಇಲ್ರಿ ಅವ್ವಾರೆ. ಹುಳಿ, ಬೂದಿ, ರೀಠಾ, ಇಷ್ಟೇ ರಿ."

"ಬೂದಿ ಎಲ್ಲಿಂದು?"

"ನಮ್ಮ ಒಲಿದು ರಿ. ಜರಡಿ ಹಿಡ್ದು ತಂದೀನಿ."

ಮಾಣಿಕಮ್ಮ ಗೋಡೆಯಿಂದ ಕೈ ತೆಗೆದಳು. ನಲ್ಲಿ ತಿರುವಿ, ಸಾಬೂನು ಹಚ್ಚಿ, ಎರಡು ಸಲ ಕೈ ತೊಳೆದುಕೊಂಡಳು. ಆಮೇಲೆ, ದನಿ ಏರಿಸದೆ ಹೇಳಿದಳು.

"ನಿಮ್ಮ ಒಲಿ ಮ್ಯಾಲ ಏನೇನ ಬೇಯಿಸ್ತೀರೋ. ಆ ಬೂದಿ ತಂದು ನಾವು ಮೈ ತೊಳ್ಕೊಳ್ಳೂ ಜಾಗಾಕ್ಕ ಬಳದಿ?"

"ಹಂಗಾರ ನಿಮ್ಮ ಒಲಿದೇ ಕೊಡ್ರಿ."

"ನಮ್ಮ ಮನ್ಯಾಗ ಗ್ಯಾಸ್ ಬಂದದ. ಬೂದಿ ಎಲ್ಲಿಂದ ತರ್ಲಿ? ಆ ರೀಠಾ ನೀರು ಯಾವ ಗಡಿಗ್ಯಾಗ ಕುದಿಸೀದಿ? ನಿಮ್ಮ ಗಡಿಗ್ಯಾಗೇ ಅಲ್ಲ? ಚೆಲ್ಲು. ಗೋಡಿಗೆಲ್ಲ ತೇಜಾಬ್ ಹಚ್ಚಿ ಮತ್ತ ತೊಳಿ, ಮಧ್ಯಾಹ್ನ ಅವರು ಸ್ನಾನಕ್ಕ ಬರೂದ್ರಾಗ ಮುಗೀಬೇಕು."

ಕಮಳಾಬಾಯಿ ತಾನು ಐದು ದಿನ ತಿಕ್ಕಿದ ಗೋಡೆಯನ್ನು ಆ ಒಂದು ಬೆಳಿಗ್ಗೆ ತೇಜಾಬಿನಿಂದ ತೊಳೆದಳು. ಜಾಳಿಗೆಯ ಆಚೆ ಮುದುಕಿ ಕೆಮ್ಮುತ್ತಿರುವುದು ಕೇಳುತ್ತಿತ್ತು. ಮುದುಕಿ ಏನಾದರೂ ಹೇಳಿಯಾಳು ಎಂದು ಕಾದಳು. ಕೆಮ್ಮೇ ಮುಂದುವರಿಯಿತು.

"ತೇಜಾಬ್ ಯಾವ ಜಾತಿಯವ್ರು ಮಾಡ್ತಾರಂತ ಅಕಿ ಒಮ್ಮಿನೂ ಕೇಳಿಲ್ಲ," ಎಂದಳು ಮನೆಗೆ ಬಂದು, ಲಾಲಪ್ಪನ ಮುಂದೆ.

"ಅದು ಅಂಗಡಿಯಿಂದ ಬರ್ತದಲ್ಲ," ಎಂದ ಲಾಲಪ್ಪ. ಬೇರೆ ಮನೆ ನೋಡು ಎಂದೂ ಹೇಳಿದ. ಎರಡು ಮನೆ ಕೇಳಿ ಬಂದಳು. ಅಲ್ಲಿಯೂ ಮಾಣಿಕಮ್ಮನ ಬಚ್ಚಲು ನೋಡಿ ಬಂದು ತೇಜಾಬ್ ತರಿಸಿಟ್ಟಿದ್ದರು.

ಮರುವರ್ಷ ಬಂಡೆಪ್ಪನ ಮಗ ಜ್ಞಾನೇಶ್ವರನಿಗೆ ಬಸವಕಲ್ಯಾಣದಿಂದ ಹೆಣ್ಣು ಕೊಡುವವರು ಮನೆ ನೋಡಲು ಬರುವುದೆಂದಾಯಿತು. ಹಿಂದಿನ ಸಂಜೆ ಮಾಣಿಕಮ್ಮ ಯಾರೋ ಹೇಳಿದರೆಂದು ಬ್ಲೀಚಿಂಗ್ ಪೌಡರ್ ತರಿಸಿ ಸಂಡಾಸಕ್ಕೂ ನೆಲಕ್ಕೂ ಕೈತುಂಬ ಉದುರಿಸಿದ್ದಳು. ಬೆಳಿಗ್ಗೆ ಕಮಳಾಬಾಯಿ ಬಂದಾಗ ಅದು ಒದ್ದೆಯಾಗಿ ಅಲ್ಲಲ್ಲಿ ಮುದ್ದೆಗಟ್ಟಿತ್ತು.

"ಇದೇನ್ರಿ ಅವ್ವಾರೆ, ಬಿಳಿ ಪುಡಿ?"

"ಅದೂ ಸ್ವಚ್ಛ ಮಾಡೂದೇ. ಅದರ ಮ್ಯಾಲೇ ತೇಜಾಬ್ ಹಾಕಿ ತಿಕ್ಕು, ಎರಡೂ ಕೂಡಿದ್ರ ಇನ್ನ ಚಲೋ ಆಗ್ತದ. ಕದ ಹಾಕ್ಕೊ. ಮಂದಿ ಬರೂ ಹೊತ್ತಾತು, ಪಡಸಾಲಿಗೆ ವಾಸನಿ ಬರಬಾರ್ದು."

ಕಮಳಾಬಾಯಿ ಕದ ಹಾಕಿ ಅಗಳಿ ಸೇರಿಸಿ ತೇಜಾಬ್ ಸುರಿದಳು. ನೊರೆ ಏಳುವುದು ರೂಢಿಯೇ. ಆದರೆ ಈ ಸಲ ನೊರೆಯ ಜೊತೆ ಹಳದಿ ಹಸಿರು ಹೊಗೆ ಎದ್ದಿತು. ಒಂದು ಉಸಿರು ಒಳಗೆ ಹೋದದ್ದೇ ಗಂಟಲು ಮುಚ್ಚಿಕೊಂಡಿತು. ಎರಡನೆಯ ಉಸಿರಿಗೆ ಎದೆಯೊಳಗೆ ಕೆಂಡ ಸುರಿದಂತಾಯಿತು. ಕಣ್ಣು ಬಿಡಲಾಗದೆ ಗೋಡೆ ತಡವಿ ಅಗಳಿ ಹುಡುಕಿದಳು. ಬಿರಿದ ಬೆರಳಿಗೆ ಅಗಳಿ ಸಿಕ್ಕರೂ ಸರಿಯಲಿಲ್ಲ. ಅದು ಹೇಗೆ ತೆರೆಯಿತೋ ಅವಳಿಗೆ ಕಡೆಗೂ ನೆನಪಾಗಲಿಲ್ಲ. ಹಿತ್ತಲಿನ ಮಣ್ಣಿನಲ್ಲಿ ಬಿದ್ದಿದ್ದಳು.

ಹೊಗೆ ಜಾಳಿಗೆಯಿಂದ ದ್ರೌಪತಿಯ ಕೋಣೆಗೂ ನುಗ್ಗಿತು. ಮಗ, ಮೊಮ್ಮಗ ಸೇರಿ ಮುದುಕಿಯನ್ನು ಎತ್ತಿ ಜೀಪಿನಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದರು. ಜೀಪಿನಲ್ಲಿ ಜಾಗ ಇತ್ತು. ಕಮಳಾಬಾಯಿ ಹಿತ್ತಲಿನಲ್ಲಿ ವಾಂತಿ ಮಾಡುತ್ತ ಬಿದ್ದಿದ್ದಾಗ ಬೀಗರಾಗುವವರ ಗಾಡಿ ಮುಂಬಾಗಿಲಿಗೆ ಬಂತು. ಮಾಣಿಕಮ್ಮ ಹಿಂದಕ್ಕೆ ಬಂದು ಒಮ್ಮೆ ನೋಡಿ, ಮನೆಯಿಂದ ಹಿತ್ತಲಿಗೆ ತೆರೆಯುವ ಬಾಗಿಲನ್ನು ಒಳಗಿನಿಂದ ಎಳೆದುಕೊಂಡಳು. ಹಿಂದಿನ ಓಣಿಯಲ್ಲಿ ಹೋಗುತ್ತಿದ್ದ ಜಟಕಾದ ಗಯಾಸುದ್ದೀನ್ ಕೆಮ್ಮು ಕೇಳಿ ಇಣುಕಿದ. ಅವನೇ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋದ, ದಾರಿಯಲ್ಲಿ ಗಿರಣಿಯ ಮುಂದೆ ನಿಲ್ಲಿಸಿ ಲಾಲಪ್ಪನನ್ನು ಕೂಗಿದ.

ದ್ರೌಪತಿ ಐದು ದಿನಕ್ಕೆ ಮನೆಗೆ ಹೋದಳು. ಕಮಳಾಬಾಯಿ ಹನ್ನೆರಡು ದಿನ ದವಾಖಾನೆಯ ವರಾಂಡದಲ್ಲಿ ಚಾಪೆಯ ಮೇಲೆ ಇದ್ದಳು. ಅವಳು ಮಲಗಿದ್ದ ಕಡೆಯ ಕಿಟಕಿಯಿಂದ ಡಾಕ್ಟರು ಬಂಡೆಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತ್ತು.

"ಅವೆರಡೂ ಕೂಡಿದ್ರ ವಿಷದ ಗಾಳಿ ಹುಟ್ತದ ರಿ. ನಿಮ್ಮ ತಾಯಿ ಇರಬೇಕಂದ್ರ ಎರಡನ್ನೂ ಮನ್ಯಾಗ ಇಡಬ್ಯಾಡ್ರಿ. ಮೊದಲ ಏನ ಹಚ್ಚಿ ತಿಕ್ಕತಿದ್ರೋ ಅದನ್ನೇ ಹಚ್ರಿ."

ಕಮಳಾಬಾಯಿಗೆ ಆ ನೋವಿನಲ್ಲೂ ಸಮಾಧಾನವಾಯಿತು. ಇನ್ನು ತನ್ನನ್ನು ಕರೆದೇ ಕರೆಯುತ್ತಾರೆ ಎಂದುಕೊಂಡಳು.

ಕರೆ ಬಂದದ್ದು ಒಂದೂವರೆ ತಿಂಗಳಿಗೆ. ಹಿತ್ತಲಿಗೆ ಕಾಲಿಟ್ಟಾಗ ರೀಠಾದ ವಾಸನೆ ಬಂತು. ಬಚ್ಚಲಿನಲ್ಲಿ ಬೇರೆ ಹೆಂಗಸು ಕೂತು ತಿಕ್ಕುತ್ತಿದ್ದಳು. ಕೊಡಂಬಲದ ಕಾಂತಾಬಾಯಿ, ಗಂಡ ಸತ್ತವಳು. ಅವಳ ಕುಲಕ್ಕೆ ಅಡುಗೆಮನೆಯವರೆಗೂ ಹೋಗಲು ಅಡ್ಡಿ ಇರಲಿಲ್ಲ. ಬದಿಯಲ್ಲಿ ಒಂದು ಚೀಲ ಬೂದಿ ಇತ್ತು, ಹಳ್ಳಿಖೇಡದ ತಂಗಿಯ ಮನೆಯಿಂದ ತರಿಸಿದ್ದು. ಟೈಲ್ಸೆಲ್ಲ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿದ್ದವು.

ಮಾಣಿಕಮ್ಮ ಮೆಟ್ಟಿಲ ಮೇಲೆ ನಿಂತು ಹೇಳಿದಳು. "ಅತ್ತಿ ದಿನಾ ನಿನ್ನ ನೀರಿಂದೇ ಮಾತು. ಈಕಿ ಕುದಿಸಿದ್ರ ಹಿಂಗ ಆಗ್ತದ. ಹ್ಯಾಂಗ ಮಾಡ್ತಿದ್ದಿ, ಜರಾ ಹೇಳು."

"ನಾಳಿಂದ ನಾನೇ ಬರ್ತೀನಲ್ರಿ."

"ನಿನಗಿನ್ನ ಇದು ಆಗೂದಿಲ್ಲ ಕಮಳಿ. ಹಿತ್ತಲ ದಾಟೂದ್ರಾಗ ಏದಾಕತ್ತೀದಿ. ಈಕಿ ಒಳಗಿಂದೂ ಹೊರಗಿಂದೂ ಎಲ್ಲಾ ಮಾಡ್ತಾಳ."

ಕಮಳಾಬಾಯಿ ಅಲ್ಲೇ ಕಲ್ಲಿನ ಮೇಲೆ ಕೂತಳು, ನಿಲ್ಲಲು ದಮ್ಮಿರಲಿಲ್ಲ. ಹೇಳುವುದಿಲ್ಲ ಎಂದು ಎದ್ದು ಹೋಗಬೇಕೆನಿಸಿತು. ಹೇಳದಿದ್ದರೆ ಈ ಲೋಳೆಗೆ ಬೇಸತ್ತು ಇವಳು ನಾಳೆಯೇ ಮತ್ತೆ ತೇಜಾಬ್ ತರಿಸುತ್ತಾಳೆ ಎಂಬುದೂ ಗೊತ್ತಿತ್ತು. ಕಾಂತಾಬಾಯಿ ಬಚ್ಚಲ ಹೊಸ್ತಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಬೆರಳುಗಳು ಇನ್ನೂ ಸರಿಯಾಗಿದ್ದವು.

ಮಾಣಿಕಮ್ಮನ ಕಡೆ ನೋಡದೆ ಕಾಂತಾಬಾಯಿಗೇ ಹೇಳಿದಳು. "ಬೀಜ ತಗದೀಯೇನವಾ? ಬೀಜ ಸಮೇತ ಕುದಿಸಬ್ಯಾಡ. ಸಿಪ್ಪಿ ಅಷ್ಟೇ ಹಿಂದಿನ ಸಂಜಿ ನೆನಿಸು, ಒಂದ ಉಕ್ಕ ಬಂದ ಮ್ಯಾಲ ಇಳಿಸು, ಅರಿಬ್ಯಾಗ ಸೋಸು. ಅರ್ಧ ಬೊಗಸಿ ಸಿಪ್ಪಿಗೆ ಒಂದ ಕೊಡಾ ನೀರು. ದಪ್ಪ ಇದ್ರ ಕಲಿ ಹಿಡೀತದ. ಹುಳಿ ಹಚ್ಚಿದ್ದನ್ನ ತೊಳದ ಮ್ಯಾಲೇ ಬೂದಿ ಹಚ್ಚು, ಎರಡೂ ಒಮ್ಮಿಗೇ ಹಚ್ಚಿದ್ರ ಒಂದನ್ನೊಂದು ತಿಂದು ಎರಡೂ ಕೆಲಸಾ ಮಾಡೂದಿಲ್ಲ."

ಅಷ್ಟು ಹೇಳುವುದರೊಳಗೆ ಮೂರು ಸಲ ನಿಂತು ಉಸಿರೆಳೆದುಕೊಂಡಳು. ಮಾಣಿಕಮ್ಮ ಒಂದು ಹಳೆಯ ಸೀರೆ ತಂದು ಕಲ್ಲಿನ ಮೇಲೆ ಇಟ್ಟಳು. ಕಮಳಾಬಾಯಿ ಅದನ್ನು ಅಲ್ಲಿಯೇ ಬಿಟ್ಟು ಬಂದಳು.

ಬೇಳೆಯ ಧೂಳು ಲಾಲಪ್ಪನ ಬಟ್ಟೆಯಲ್ಲಿ ಬಂದರೂ ಅವಳಿಗೆ ದಮ್ಮು ಹತ್ತುತ್ತಿತ್ತು. ಆ ವರ್ಷವೇ ಇಬ್ಬರೂ ರಾಜೇಶ್ವರಕ್ಕೆ ಬಂದುಬಿಟ್ಟರು. ಅವನು ಹೊಲದ ಕೂಲಿಗೆ ಹೋಗುತ್ತಿದ್ದ. ರಾಶಿಯ ಹೊಟ್ಟು ತಡೆಯದ ಕಾರಣ ಅವಳಿಗೆ ಹೊಲದ ಕೆಲಸವೂ ಆಗಲಿಲ್ಲ. ಅವ್ವನ ಹಾಗೆ ರೀಠಾ ಆರಿಸಿ ಬಸ್ಸು ನಿಲ್ಲುವ ಕಡೆ ಗೋಣಿ ಹಾಸಿಕೊಂಡು ಕೂಡುತ್ತಿದ್ದಳು. ಆದರೆ ಈಗ ಊರೂರಿಗೆ ಸಾಬೂನು ಪುಡಿ ಬಂದಿತ್ತು. ತಲೆಗೆಂದು ಕೆಲವರು ಒಯ್ಯುತ್ತಿದ್ದರು, ಮನೆ ತೊಳೆಯಲೆಂದು ಯಾರೂ ಒಯ್ಯುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಬಸವಕಲ್ಯಾಣದ ಬಸ್ಸು ನಿಂತಾಗ ನೀರು ಕುಡಿಯಲು ಇಳಿದ ಹೆಂಗಸು ಕಾಂತಾಬಾಯಿ. ಗುರುತು ಹಿಡಿದು ಹತ್ತಿರ ಬಂದಳು.

"ಆರಾಮ ಇದ್ದೀಯೇನಕ್ಕಾ?"

"ಹಿಂಗ ಕೂತೀನಿ ನೋಡು. ಆಯಿ ಹ್ಯಾಂಗಿದ್ದಾರ?"

"ಹೋದ ಶ್ರಾವಣದಾಗ ತೀರಿಕೊಂಡ್ರು. ವಯಸ್ಸಾಗಿತ್ತು. ಕಡೀತನಕ ನೀ ಹೇಳಿದ ನೀರೇ ಹಾಕೀನಿ. ಬಂದವರಿಗೆಲ್ಲ ನಮ್ಮ ಅವ್ವಾರು, ಇದು ನಮ್ಮ ಅಜ್ಜಿ ಕಾಲದ ಪದ್ಧತಿ ಅಂತ ಹೇಳ್ತಿದ್ರು."

"ಈಗ?"

ಕಾಂತಾಬಾಯಿ ಬಸ್ಸಿನ ಕಡೆ ನೋಡಿದಳು. "ಹೊಸಾ ಸೊಸಿಗೆ ರೀಠಾ ವಾಸನಿ ಆಗಿಬರೂದಿಲ್ಲ. ಆಯಿನೇ ಹೋದ ಮ್ಯಾಲ ಇನ್ನ ಯಾರ ಸಲುವಾಗಿ ಈ ರಗಳಿ ಅಂದ್ರು ಅವ್ವಾರು. ಮತ್ತ ತೇಜಾಬ್ ತರಿಸ್ಯಾರ."

ಅವಳ ಬಲಗೈ ಆವರೆಗೂ ಸೆರಗಿನೊಳಗಿತ್ತು. ಕಮಳಾಬಾಯಿ ಹಿಡಿದು ಹೊರಗೆ ತೆಗೆದಳು. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು, ಉಳಿದವು ಬಿರಿದಿದ್ದವು. ಅಡುಗೆಮನೆಗೆ ಹೋಗುವ ಕೈ. ಕಮಳಾಬಾಯಿಗೆ ಆ ಗಳಿಗೆಯಲ್ಲಿ ಎದೆಯೊಳಗೆ ಏನೋ ತಣ್ಣಗಾಯಿತು. ಅದು ಸಂತೋಷವೆಂದು ತಿಳಿದಾಗ ಕಾಂತಾಬಾಯಿಯ ಮುಖ ನೋಡಲಾಗಲಿಲ್ಲ.

"ಕದ ತಗದಿಟ್ಟು ಮಾಡು," ಎಂದಳು, ಕೈ ಬಿಡದೆ. "ಬಿಳಿ ಪುಡಿ ಉದುರಿಸಿದ್ದು ಕಂಡ್ರ ಒಳಗ ಹೋಗಬ್ಯಾಡ. ಬ್ಯಾರೆ ಕೆಲಸ ನೋಡ್ಕೊ."

"ಎಲ್ಲಿ ನೋಡ್ಲಿ?"

ಕಂಡಕ್ಟರ್ ಕರೆದ. ಕಾಂತಾಬಾಯಿ ಕೈ ಬಿಡಿಸಿಕೊಂಡು ಬಸ್ಸು ಹತ್ತಿದಳು. ಕಮಳಾಬಾಯಿ ಗೋಣಿಯ ಮೇಲಿದ್ದ ರೀಠಾವನ್ನು ಮಡಿಲಿಗೆ ಸುರಿದುಕೊಂಡು, ಇನ್ನೂ ಬಿಸಿಲಿರುವಾಗಲೇ ಮನೆಯ ಕಡೆ ನಡೆದಳು. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತಿತ್ತು.