ಕುರಿಯನ್ನು ಎಬ್ಬಿಸಿದರು, ಲಗಮಣ್ಣನನ್ನು ಮಲಗಿಸಿದರು

ಸೊರಡಿಯಲ್ಲಿ ಯಾರಿಗಾದರೂ ಜಡ್ಡು ಬಂದರೆ ಊರಿಗೆ ಊರೇ ನೋಡಲು ಬರುತ್ತದೆ. ಬಂದವರು ಚಹಾ ಕುಡಿದು, "ಏಳಬ್ಯಾಡಪಾ, ಮಲಕೊಂಡಿರು" ಎಂದು ಹೇಳಿ ಹೋಗುತ್ತಾರೆ. ಹೇಳುವವರಿಗೇನು, ಮಲಗಿದವನನ್ನು ಎತ್ತಿ ಕೂರಿಸಬೇಕಾದವಳು ಚನ್ನವ್ವ. ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ಅವಳ ಗಂಡ ಲಗಮಣ್ಣ ಕುರಿ ಕಾಯುತ್ತ ಹರದಾರಿಗಟ್ಟಲೆ ನಡೆದವನು. ಮೂತ್ರಪಿಂಡದ ಬೇನೆ ಎಂದು ಗೊತ್ತಾಗಿ ಮಿರಜಿಯ ದವಾಖಾನೆಯಿಂದ ಗುಳಿಗೆ ತಂದ ದಿನದಿಂದ ಹಗ್ಗದ ಹೊರಸು ಬಿಟ್ಟಿರಲಿಲ್ಲ. ಅವನ ಅಕ್ಕ ದುಂಡವ್ವ ಬಿಡಬೇಕಲ್ಲ. ಅವನು ಕಾಲು ಕೆಳಗಿಟ್ಟರೆ ಸಾಕು, "ಒಳಗಿನ ಪಿಂಡ ಸವದಾವು, ನಡದರ ಇನ್ನಷ್ಟು ಸವೀತಾವು" ಎಂದು ಮತ್ತೆ ಕಂಬಳಿ ಹೊದಿಸುತ್ತಿದ್ದಳು.

ಮಳೆಗಾಲ ಕಳೆದು ಚಳಿ ಬೀಳುವಷ್ಟರಲ್ಲಿ ಅವನ ತೊಡೆಗಳು ಕರಗಿ ಹೋದವು. ಬಯಲಕಡೆಗೆ ಹೋಗಲೂ ಇಬ್ಬರು ಹೆಗಲು ಕೊಡಬೇಕು. ಆಗ ಅವನು ಹೆಂಡತಿಯ ಮುಖ ನೋಡುತ್ತಿರಲಿಲ್ಲ.

"ಒಬ್ಬನ ಹೋಗಿ ಬರೂಹಂಗ ಆದರ ಸಾಕ. ಮತ್ತೇನೂ ಬ್ಯಾಡ ನನಗ" ಎಂದ ಒಂದು ದಿನ.

ಅದೇ ವಾರ ನರ್ಸಬಾಯಿ ಸೈರಾಬಾನು ಮನೆಗೆ ಬಂದಳು. "ಡಾಕ್ಟರು ಏನ ಹೇಳ್ಯಾರ ಚನ್ನವ್ವ?"

"ಗುಳಿಗಿ ತಗೋ, ಉಪ್ಪು ಕಡಿಮಿ ಮಾಡು, ದಿನಾ ತ್ರಾಸ ಆಗದಂಗ ಅಡ್ಡಾಡು ಅಂದಾರ್ರಿ. ಈ ಅಕ್ಕಾರು ಎಲ್ಲಿ ಬಿಡತಾರ?"

"ಮಿರಜ್ಯಾಗ ಕುಂತವರಿಗೆ ಏನ ಗೊತ್ತ?" ಎಂದಳು ದುಂಡವ್ವ.

"ಅಕ್ಕಾರ, ಅಡ್ಡಾಡಿದರ ಪಿಂಡ ಸವಿಯೂದಿಲ್ಲ. ಮಲಗಿದಷ್ಟೂ ಕಾಲಿನ ಕಸುವು ಹೋಗತೈತಿ, ಎದಿ ಕಸುವೂ ಹೋಗತೈತಿ. ಬೇನಿ ಪೂರಾ ವಾಸಿ ಆಗತೈತಿ ಅಂತ ನಾ ಹೇಳೂದಿಲ್ಲ. ಗುಳಿಗಿ ಬಿಡಂಗೂ ಇಲ್ಲ. ಆದರ ಮನಷ್ಯಾ ತನ್ನ ಕಾಲಮ್ಯಾಲೆ ತಾ ನಿಂದರತಾನ."

"ನೀವು ಸೂಜಿ ಚುಚ್ಚೂದು ನೋಡ್ರಿ ಬಾಯಿ" ಎಂದು ದುಂಡವ್ವ ಮುಖ ತಿರುವಿದಳು.

ಅಷ್ಟರಲ್ಲಿ ಹಟ್ಟಿಯಿಂದ ಕುರಿ ಕಾಯುವ ವಿಠೋಬ ಕೂಗಿದ. ಜಡ್ಡಿನ ಕುರಿಯೊಂದು ನೆಲ ಹಿಡಿದಿತ್ತು. ದುಂಡವ್ವ ಸೆರಗು ಸಿಕ್ಕಿಸಿ ಓಡಿದಳು. ಕುರಿಯ ಜಡ್ಡೆಂದರೆ ಊರೆಲ್ಲ ಕರೆಯುವುದು ಅವಳನ್ನೇ.

"ಮಲಗಾಕ ಯಾಕ ಬಿಟ್ಟಿ ವಿಠೋಬ? ಮಲಗಿಬಿಟ್ಟ ಕುರಿ ಮತ್ತ ಏಳತೈತೇನು?" ಎಂದು ಬೈಯುತ್ತ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿ ನಿಲ್ಲಿಸಿದಳು. ನಾಲ್ಕು ಹೆಜ್ಜೆ ನಡೆಸಿದಳು, ದಣಿವಾರಿಸಿದಳು, ಮತ್ತೆ ನಡೆಸಿದಳು.

ನರ್ಸಬಾಯಿಯ ಜೊತೆ ಹಿಂದೆಯೇ ಬಂದಿದ್ದ ಚನ್ನವ್ವನಿಗೆ ತಡೆಯಲಾಗಲಿಲ್ಲ. "ಅಕ್ಕಾರ, ಕುರಿಗೊಂದು ನ್ಯಾಯ, ನಿಮ್ಮ ತಮ್ಮಗೊಂದು ನ್ಯಾಯ ಏನ್ರಿ? ಇದನ್ನ ಮಲಗಾಕ ಬಿಡೂದಿಲ್ಲ, ಅವರನ್ನ ಏಳಾಕ ಬಿಡೂದಿಲ್ಲ."

ದುಂಡವ್ವನ ಕೈ ಕುರಿಯ ಬೆನ್ನ ಮೇಲೆಯೇ ನಿಂತಿತು. ಆಮೇಲೆ ನರ್ಸಬಾಯಿಯ ಕಡೆ ತಿರುಗಿ, "ಎಷ್ಟ ನಡಸಬೇಕ್ರಿ?" ಎಂದಳು.

"ಮೊದಲ ಹೊರಸಿನ ಅಂಚಿಗೆ ಕುಂತು ಕಾಲ ಚಾಚಿ ಮಡಚಲಿ. ಆಮ್ಯಾಲೆ ಏಳೂದು, ಕುಂದ್ರೂದು. ಆಮ್ಯಾಲೆ ಅಂಗಳದ ಆಚಿನ ಬೇವಿನ ಗಿಡದ ತನಕ. ನಡಕೋತ ಮಾತಾಡಾಕ ಬರಬೇಕು. ತೇಕು ಹತ್ತಿ ಮಾತು ನಿಂತರ ಕುಂದರಸ್ರಿ. ಎದಿ ನೋವಾದರ, ತಲಿ ತಿರಗಿದರ, ಕಾಲಿನ ಬಾವು ಹೆಚ್ಚಾದರ ಬಿಟ್ಟು ಲಗೂನ ದವಾಖಾನಿಗೆ ನಡೀರಿ."

ಮರುದಿನದಿಂದ ದುಂಡವ್ವನ ಬಾಯಿ ತಮ್ಮನ ಮೇಲೆ ತಿರುಗಿತು. "ಅಂದು ಮಲಗು ಅಂತ ಜೀವಾ ತಿಂದಿ, ಈಗ ಏಳು ಅಂತ ತಿಂತಿ" ಎಂದು ಗೊಣಗುತ್ತಲೇ ಅವನು ಎದ್ದ. ಇದ್ದಕ್ಕಿದ್ದಂತೆ ಏನೂ ಆಗಲಿಲ್ಲ. ಕೆಲವು ದಿನ ಬೇವಿನ ಗಿಡವೂ ದೂರವಾಗುತ್ತಿತ್ತು, ಅರ್ಧ ದಾರಿಯಿಂದಲೇ ಹಿಂದಿರುಗುತ್ತಿದ್ದ.

ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಚನ್ನವ್ವ ನೋಡಿದರೆ ಹೊರಸು ಖಾಲಿ. ತಂಬಿಗೆಯೂ ಇಲ್ಲ. ಹೊರಗೆ ಓಡಿದಳು. ಕಳ್ಳಿಸಾಲಿನ ಆಚೆಯಿಂದ ಲಗಮಣ್ಣ ಕೋಲು ಊರಿಕೊಂಡು, ತಂಬಿಗೆ ಹಿಡಿದು, ಒಬ್ಬನೇ ಬರುತ್ತಿದ್ದ.

"ಹೇಳಿ ಹೋಗಬಾರದೇನ್ರಿ?" ಎಂದು ಸಿಟ್ಟು ಮಾಡಿದಳು. ಕಣ್ಣು ತುಂಬಿತ್ತು.

"ಹೇಳಿದ್ದರ ಇಬ್ಬರೂ ಹೆಗಲ ಕೊಡಾಕ ಬರತಿದ್ದಿರಿ" ಎಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮೂತ್ರಪಿಂಡದ ಬೇನೆಯವರು ಇದ್ದರೆ, ಎಷ್ಟು ಅಡ್ಡಾಡಬೇಕೆಂದು ಡಾಕ್ಟರನ್ನು ಕೇಳಿ. ಗುಳಿಗೆ ತಪ್ಪಿಸಬೇಡಿ. ನೋಡಲು ಹೋದಾಗ "ಮಲಕೋ" ಎಂದು ಹೇಳಿ ಬರಬೇಡಿ. ಅವರ ಜೊತೆ ಬೇವಿನ ಗಿಡದ ತನಕ ನಡೆದು ಬನ್ನಿ.