ಇಲ್ಲದ ಘಾಟು

ಯಾರೋ ಮೆಣಸಿನಕಾಯಿ ಸುಡಾಕತ್ತಾರ ನೋಡ, ಎಂದು ವೀರೇಂದ್ರ ಮೂಗು ಮುಚ್ಚಿಕೊಂಡ, ನಾಗರತ್ನಾ ಚಹಾದ ಕಪ್ಪು ಹಿಡಿದವಳು ಹಿಡಿದಂತೆಯೇ ನಿಂತು ಗಾಳಿ ಎಳೆದುಕೊಂಡಳು, ಚಹಾ, ಶುಂಠಿ, ಗಂಡನ ತಲೆಗೆ ಹಚ್ಚಿದ ಕೊಬ್ಬರಿಎಣ್ಣೆ, ಅಷ್ಟೇ — ಬ್ಯಾಡಗಿಯಲ್ಲಿ ಖಾರದ ಗಿರಣಿ ನಡೆಸುವವರಿಗೆ ಮೆಣಸಿನಕಾಯಿ ವಾಸನೆ ಇದೆಯೆಂದೇ ಗೊತ್ತಾಗುವುದಿಲ್ಲ, ಆದರೆ ಸುಟ್ಟ ಘಾಟು ಬೇರೆ, ಎದ್ದರೆ ಓಣಿಗೆ ಓಣಿಯೇ ಕೆಮ್ಮುತ್ತದೆ, ಯಾರೂ ಕೆಮ್ಮುತ್ತಿಲ್ಲ, ಪಕ್ಕದ ಮನೆಯ ಜೈತೂನಬಿ ಅಂಗಳಕ್ಕೆ ನೀರು ಚಿಮುಕಿಸುತ್ತ ಆರಾಮಾಗಿ ಯಾರೊಂದಿಗೋ ಮಾತಾಡುತ್ತಿದ್ದಾಳೆ. ಹೋದ ವರ್ಷವೂ ಹೀಗೇ, ಘಾಟು, ಘಾಟು ಎನ್ನುತ್ತಲೇ ಗಿರಣಿಯ ಮುಂದೆ ಬಿದ್ದು ಕೈಕಾಲು ಬಡಿದ, ಹಾವೇರಿಯಲ್ಲಿ ಸ್ಕ್ಯಾನು, ಹುಬ್ಬಳ್ಳಿಯಲ್ಲಿ ಆಪರೇಶನ್ನು, ಮಿದುಳಿನೊಳಗಿಂದ ನಿಂಬೆಹಣ್ಣಿನಷ್ಟು ಗಡ್ಡೆ ತೆಗೆದರು, ಇಲ್ಲದ ಘಾಟು ಇದರಿಂದನ ಬರತಿತ್ರಿ, ಕಂಡಷ್ಟು ತೆಗದೇವ್ರಿ, ಎಂದರು ಡಾಕ್ಟರಮ್ಮ, ಆ ಕಂಡಷ್ಟು ಎನ್ನುವ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಗಡ್ಡಿ ಸುಮ್ನ ಕುಂದ್ರೂದಿಲ್ರಿ, ಎಂದು ಅವರೇ ಬಿಡಿಸಿ ಹೇಳಿದ್ದರು, ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಚೀಲ ಬಿಡತೈತಿ, ಒಳಗ ತನ್ನ ಸುದ್ದಿ ತುಂಬಿರತೈತಿ, ಒಳ್ಳೆ ಜೀವಕೋಶನೂ ಹಿಂಗ ಚೀಲ ಕಳಿಸಿ ಒಂದಕ್ಕೊಂದು ಮಾತಾಡತಾವ್ರಿ, ಅದಕ್ಕ ಮೋಸ ಹೋಗತಾವ, ತಮ್ಮವ ಅಂತ ತಿಳದು ಒಳಗ ಕರಕೊಳ್ತಾವ, ಆಮ್ಯಾಲ ಗಡ್ಡಿ ಹೇಳಿದಂಗ ಕೇಳತಾವ. ಅವತ್ತಿನಿಂದ ಗಿರಣಿಯಲ್ಲಿ ಒಟ್ಟಿದ ಚೀಲಗಳ ಮುಂದೆ ಹಾಯುವಾಗ ಅವಳು ದೂರ ಸರಿದು ನಡೆಯುತ್ತಾಳೆ. ಆ ಸಣ್ಣ ಚೀಲಗಳು ರಕ್ತದಲ್ಲೂ ತೇಲುತ್ತವಂತೆ, ಅವನ್ನು ಹುಡುಕುವ ಸಂಶೋಧನೆಗೆ ಗಂಡನ ರಕ್ತ ಕೊಡಲು ಇಬ್ಬರೂ ಒಪ್ಪಿದರು, ಹೋದ ತಿಂಗಳ ಸ್ಕ್ಯಾನು ಸ್ವಚ್ಛ, ವೀರೇಂದ್ರ ಓಣಿಗೆಲ್ಲ ಪೇಢೆ ಹಂಚಿದ, ನಿನ್ನೆ ಸಂಜೆ ಡಾಕ್ಟರಮ್ಮನ ಫೋನು — ರಕ್ತದಾಗ ಚೀಲ ಮತ್ತ ಹೆಚ್ಚಾಗ್ಯಾವ್ರಿ, ಇದು ಇನ್ನೂ ಸಂಶೋಧನೆ, ಇದೊಂದರ ಮ್ಯಾಲ ಏನೂ ಹೇಳಾಕ ಬರೂದಿಲ್ಲ, ಆದ್ರ ಲಗೂನ ಇನ್ನೊಂದು ಸ್ಕ್ಯಾನ್ ಮಾಡಸೋಣು, ಮತ್ತ ಏನರ ತ್ರಾಸ ಐತೇನ್ರಿ? ಇಲ್ರಿ, ಅಂದಿದ್ದಳು, ಅದು ಖರೇ ಎಂದೇ ತಿಳಿದಿದ್ದಳು. ಗಂಡನಿಗೆ ಹೇಳಿರಲಿಲ್ಲ, ರಾತ್ರಿ ಅವನು ಅಷ್ಟು ಸಂತೋಷದಲ್ಲಿದ್ದ, ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಹೆತ್ತ ಮಗಳು ಪುಷ್ಪಲತಾಳನ್ನು ಇವತ್ತು ಮನೆಗೆ ಕಳಿಸುತ್ತಾರೆ, ಮಗಳನ್ನೂ ಮೊಮ್ಮಗಳನ್ನೂ ತಾನೇ ಕಾರು ನಡೆಸಿ ಕರೆತರಬೇಕೆಂದು ಅವನ ಹಟ.

ಈಗ ಅವನು ಇಸ್ತ್ರಿಯ ಅಂಗಿ ತೊಟ್ಟು, ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದಾನೆ, ಹೆದ್ದಾರಿ, ಲಾರಿಗಳು, ಹಿಂದಿನ ಸೀಟಿನಲ್ಲಿ ಹಸಿ ಬಾಣಂತಿ, ಅರಿವೆಯಲ್ಲಿ ಸುತ್ತಿದ ಕೂಸು, ಘಾಟು ಘಾಟು ಎನ್ನುತ್ತ ಅವನು — ಬ್ಯಾಡ, ಎಂದಳು, ತನ್ನ ದನಿ ತನಗೇ ಪರಕೀಯ, ಕೀಲಿ ಕೊಡ್ರಿ, ನಿನ್ನೆ ಡಾಕ್ಟರು ಫೋನ್ ಮಾಡಿದ್ರು, ಎಂದು ಶುರುಮಾಡಿ ಎಲ್ಲ ಹೇಳಿಬಿಟ್ಟಳು, ಚೀಲ ಹೆಚ್ಚಾಗಿದ್ದು, ಮತ್ತೆ ಸ್ಕ್ಯಾನು, ಇಲ್ಲಿ ಯಾವ ಘಾಟೂ ಇಲ್ಲದ್ದು. ಅವನು ಬೈಯಲಿಲ್ಲ. ಗೊತ್ತೈತಿ, ಎಂದ. ಭಾಳ ದಿನದಿಂದ ಈ ಘಾಟು ಬರಾಕತ್ತೈತಿ, ನೀ ಅಂಜತಿ ಅಂತ ಹೇಳಿದ್ದಿಲ್ಲ, ಇವತ್ತ ಬಾಯಿ ತಪ್ಪಿ ಬಂತು, ಕೂಸಿನ್ನ ನಾನ ತರಬೇಕಂತ ಭಾಳ ಆಸೆ ಇತ್ತು, ಎಂದು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ, ಕೀಲಿ ಬೆವರಿನಿಂದ ಒದ್ದೆ. ಅಳಿಯ ಕರಕೊಂಡು ಬರತಾನ ಬಿಡ್ರಿ, ನಾವು ಹುಬ್ಬಳ್ಳಿಗೆ ಹೋಗೋಣು, ಎಂದಳು. ಹೂಂ, ಕೂಸಿನ ಮುಖ ನೋಡಿ ಹೋಗೋಣು, ಎಂದವನು ಒಮ್ಮೆಲೇ ತಿರುಗಿದ, ಬಾಣಂತಿಗೆ ಸಜ್ಜುಮಾಡಿದ ಕೋಣೆಗೆ ಹೋದ, ಕಿಟಕಿ ಎಳೆದು ಮುಚ್ಚಿದ, ಕೂಸಿಗೆಂದು ಮಡಿಚಿಟ್ಟ ಮೆತ್ತನೆಯ ಹಳೆ ಧೋತರದ ತುಂಡು ತೆಗೆದುಕೊಂಡು ಕಿಟಕಿಯ ಸಂದಿಗೆ ತುರುಕತೊಡಗಿದ, ಸಣ್ಣ ಕೂಸು, ಘಾಟು ತಡಕೊಳ್ಳೂದಿಲ್ಲ, ಒಳಗ ಬರಬಾರದು, ಎನ್ನುತ್ತ ಒಂದೊಂದೇ ಬೆರಳಿನಿಂದ ಒತ್ತಿ ಒತ್ತಿ, ಹೊರಗೆ ತಿಳಿಯಾದ ಬೆಳಗು, ತಡೆಯಬೇಕೆಂದು ಹೋದವಳು ತಡೆಯಲಿಲ್ಲ, ಇನ್ನೊಂದು ತುಂಡು ತೆಗೆದು ಅವನ ಕೈಗೆ ಕೊಟ್ಟಳು, ಅವನು ತುರುಕಿದ, ಇನ್ನೊಂದು ಕೊಟ್ಟಳು, ಬಿಳಿ ಬಟ್ಟೆ, ಸಂದಿ, ಅವನ ಬೆರಳು, ಬಿಳಿ ಬಟ್ಟೆ, ಸಂದಿ, ಬೆರಳು —